ಕುಂಬಾರನ ವರುಷದಲ್ಲಿ ಕೆಲಸವೆಷ್ಟು, ಕಾಯುವಿಕೆಯೆಷ್ಟು?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತೇವೆ. ಗಾದೆಯ ಕಣ್ಣೆಲ್ಲ ದೊಣ್ಣೆಯ ಮೇಲೆ. ಆ ವರುಷದೊಳಗೆ ಏನಿದೆ ಎಂದು ಅದು ಬಿಡಿಸಿ ನೋಡುವುದಿಲ್ಲ. ಪಳಗಿದ ಕೈಯಾದರೆ ತಿಗರಿಯ ಮೇಲೆ ಒಂದು ಮಡಕೆ ಏಳುವುದಕ್ಕೆ ಕೆಲವೇ ನಿಮಿಷ ಸಾಕು. ಬುಡ ತಟ್ಟುವುದು, ಉಜ್ಜಿ ನಯ ಮಾಡುವುದು, ಬಣ್ಣ ಬಳಿಯುವುದು ಎಲ್ಲ ಸೇರಿಸಿದರೂ ಕೈ ತಗಲುವ ಹೊತ್ತು ದಿನಗಳಲ್ಲಿ ಎಣಿಸುವಂಥದ್ದಲ್ಲ. ಉಳಿದ ದಿನಗಳೆಲ್ಲ ಮಡಕೆ ಸುಮ್ಮನೆ ಕುಳಿತಿರುತ್ತದೆ. ನೆರಳಿನಲ್ಲಿ ಒಣಗುತ್ತಾ ಕುಳಿತಿರುತ್ತದೆ, ಮಡಕೆ ಸುಡುವ ಗೂಡು, ಅಂದರೆ ಆವಿಗೆ, ತುಂಬಲೆಂದು ಕುಳಿತಿರುತ್ತದೆ, ಸುಟ್ಟ ಮೇಲೆ ಕೊಳ್ಳುವವರ ಗಾಡಿ ಬರಲೆಂದು ಕುಳಿತಿರುತ್ತದೆ. ಮಾರಾಟವಾದ ಮೇಲೂ ಹಣ ಬರಲಿ ಎಂದು ಕುಂಬಾರನೇ ಕುಳಿತಿರುತ್ತಾನೆ.

ಇವುಗಳಲ್ಲಿ ಒಣಗುವ ಹೊತ್ತು ಮಣ್ಣಿನದು. ಅದನ್ನು ಅವಸರಪಡಿಸಿದರೆ ಮಡಕೆ ಬಿರಿಯುತ್ತದೆ. ಉಳಿದ ಕಾಯುವಿಕೆಗಳು ಮನುಷ್ಯರು ಮಾಡಿಟ್ಟವು. ಸಣ್ಣ ಕಸುಬುಗಳಿಗೆ ನೆರವಾಗುತ್ತೇವೆಂದು ಹೊರಡುವ ಸರಕಾರಿ ಯೋಜನೆಗಳು ಈ ಎರಡನೆಯ ಬಗೆಯ ಕಾಯುವಿಕೆಯನ್ನು ನೋಡುವುದೇ ಕಡಿಮೆ. ಅವುಗಳ ಕಣ್ಣಿಗೆ ಬೀಳುವುದು ಕೈ. ಕೈ ನಿಧಾನ, ಆದ್ದರಿಂದ ತರಬೇತಿ ಕೊಡೋಣ. ಕೈ ದಣಿಯುತ್ತದೆ, ಆದ್ದರಿಂದ ಯಂತ್ರ ಕೊಡೋಣ. ಕೈಗಾರಿಕಾ ಎಂಜಿನಿಯರಿಂಗ್ ಎಂಬ ಶಾಸ್ತ್ರ ನೂರು ವರ್ಷಗಳಿಗೂ ಮಿಕ್ಕಿ ಕೆಲಸ, ಸಮಯ ಮತ್ತು ಸರದಿಗಳನ್ನು ಅಳೆಯುತ್ತಾ ಬಂದಿದೆ. ಅದರ ಅರ್ಧದಷ್ಟನ್ನು ಮಾತ್ರ ನೀತಿ ರೂಪಿಸುವವರು ತೆಗೆದುಕೊಂಡಿದ್ದಾರೆ, ಅದೂ ಹಳೆಯ ಅರ್ಧವನ್ನು ಎಂಬುದು ನನ್ನ ತಕರಾರು.

ಹಳೆಯ ಅರ್ಧ ಎಂದರೆ ಸ್ಟಾಪ್‌ವಾಚ್: ಕೆಲಸಗಾರನ ಒಂದೊಂದು ಚಲನೆಯನ್ನೂ ಎಣಿಸಿ, ಅದಕ್ಕೆ ಹಿಡಿಯುವ ಹೊತ್ತನ್ನು ಅಳೆಯುವುದು. ಅಮೆರಿಕದ ಫ್ರಾಂಕ್ ಗಿಲ್ಬ್ರೆತ್ ಮೊದಲು ಗಾರೆ ಕೆಲಸಗಾರನಾಗಿದ್ದವನು. ಇಟ್ಟಿಗೆ ಕಟ್ಟುವವರು ಒಂದೊಂದು ಇಟ್ಟಿಗೆಗೂ ನೆಲದವರೆಗೆ ಬಗ್ಗಿ ಏಳುವುದನ್ನು ನೋಡಿದ. ಇಟ್ಟಿಗೆಯಷ್ಟೇ ಅಲ್ಲ, ತನ್ನ ಇಡೀ ಮೈಯನ್ನೂ ಆ ಮನುಷ್ಯ ಪ್ರತಿ ಸಲ ಎತ್ತುತ್ತಿದ್ದ. ಗೋಡೆ ಏರಿದಂತೆ ಏರುವ ಅಟ್ಟಣಿಗೆ ಮಾಡಿ, ಇಟ್ಟಿಗೆ ಮತ್ತು ಗಾರೆಯನ್ನು ಸೊಂಟದ ಮಟ್ಟದಲ್ಲಿಟ್ಟು, ಒಂದು ಇಟ್ಟಿಗೆಗೆ ಬೇಕಾಗುತ್ತಿದ್ದ 18 ಚಲನೆಗಳನ್ನು 5ಕ್ಕೆ ಇಳಿಸಿದ. ಇದನ್ನು ಬೇಡವೆನ್ನುವ ಕೆಲಸಗಾರ ಯಾರಿದ್ದಾನೆ? ಬೆನ್ನು ಉಳಿಯಿತು, ಗೋಡೆಯೂ ಬೇಗ ಎದ್ದಿತು.

ಆದರೆ ಅದೇ ಗಡಿಯಾರ ಬೇರೆ ಕೈಗೆ ಹೋದಾಗ ಕಥೆ ಬೇರೆಯಾಯಿತು. ಮಸಾಚುಸೆಟ್ಸ್ ರಾಜ್ಯದ ವಾಟರ್‌ಟೌನ್‌ನಲ್ಲಿ ಅಮೆರಿಕದ ಸೇನೆಯದೇ ಆದ ಶಸ್ತ್ರಾಗಾರವಿತ್ತು. ಗಡಿಯಾರ ಹಿಡಿದು ಒಂದೊಂದು ಕೆಲಸಕ್ಕೂ ಇಷ್ಟೇ ಹೊತ್ತು ಎಂದು ಗೊತ್ತುಮಾಡುವ ಫ್ರೆಡರಿಕ್ ಟೇಲರ್‌ನ ಪದ್ಧತಿಯನ್ನು ಅಲ್ಲಿ ಜಾರಿಗೆ ತರಲು ಹೊರಟರು. 1911ರ ಆಗಸ್ಟ್‌ನಲ್ಲಿ ಎರಕದ ಮನೆಯ ಅಚ್ಚುಗಾರನೊಬ್ಬ ತನ್ನ ಕೆಲಸಕ್ಕೆ ಗಡಿಯಾರ ಹಿಡಿಯಬಾರದೆಂದು ಹಟ ಹಿಡಿದ. ಅವನನ್ನು ಕೆಲಸದಿಂದ ತೆಗೆದರು. ಜೊತೆಯವರು ಎದ್ದು ಹೊರನಡೆದರು. ವಿಷಯ ಸಂಸತ್ತಿನ ಮೆಟ್ಟಿಲೇರಿತು. ಟೇಲರ್ ಸ್ವತಃ ಬಂದು ಸಮಿತಿಯ ಮುಂದೆ ಸಾಕ್ಷ್ಯ ಹೇಳಿದ. ಸೇನಾ ಅನುದಾನದ ಹಣವನ್ನು ಕೆಲಸಗಾರರಿಗೆ ಸ್ಟಾಪ್‌ವಾಚ್ ಹಿಡಿಯುವುದಕ್ಕೆ ಬಳಸಕೂಡದೆಂದು 1915ರಲ್ಲಿ ಷರತ್ತು ಬಂತು. ಅದು 1949ರವರೆಗೆ ನಿಂತಿತು. ಅಚ್ಚುಗಾರಿಕೆ ಅಪ್ಪಟ ಕೈಕಸುಬು. ಮರಳಿನ ತೇವ ಎಷ್ಟಿರಬೇಕು, ಎಲ್ಲಿ ಗಟ್ಟಿಯಾಗಿ ಒತ್ತಬೇಕು, ಎಲ್ಲಿ ಹಗುರ ಬಿಡಬೇಕು ಎಂಬುದು ಬೆರಳಿಗೆ ಗೊತ್ತಿರುವ ವಿದ್ಯೆ. ಅದನ್ನು ಅರಿಯದವನು ಪಕ್ಕದಲ್ಲಿ ನಿಂತು ಸೆಕೆಂಡು ಎಣಿಸುವುದೇ ಅವರಿಗೆ ಅವಮಾನವಾಗಿ ಕಂಡಿತು. ಕಸುಬುದಾರರು ‘ದಕ್ಷತೆ’ ಎಂಬ ಮಾತು ಕೇಳಿದರೆ ಇಂದಿಗೂ ಹುಬ್ಬು ಗಂಟಿಕ್ಕುವುದಕ್ಕೆ ಕಾರಣವಿದೆ. ಆ ಪದ ಅವರ ಬಾಗಿಲಿಗೆ ಬಂದದ್ದು ಹೆಚ್ಚಾಗಿ ಕೂಲಿಯ ದರ ಇಳಿಸುವುದಕ್ಕೆ.

ಈ ಶಾಸ್ತ್ರದ ಇನ್ನೊಂದು ಅರ್ಧ ಬೆಳೆದದ್ದು ಬೇರೆ ಮನೆಯಲ್ಲಿ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ ಎಂಬ ಗಣಿತಜ್ಞ, ಕರೆಗಳು ಮನಬಂದಂತೆ ಬರುತ್ತಿರುವಾಗ ಎಷ್ಟು ತಂತಿಗಳಿದ್ದರೆ ಸಾಕು ಎಂದು ಲೆಕ್ಕ ಹಾಕತೊಡಗಿದ; ಅವನ ಮೊದಲ ಪ್ರಬಂಧ ಬಂದದ್ದು 1909ರಲ್ಲಿ. ಸರದಿಯ ಗಣಿತ ಅಲ್ಲಿಂದ ಶುರುವಾಯಿತು. 1961ರಲ್ಲಿ ಜಾನ್ ಲಿಟಲ್ ಒಂದು ಸಣ್ಣ ಸಮೀಕರಣವನ್ನು ಸಾಧಿಸಿ ತೋರಿಸಿದ. ಮನೆಯೊಳಗೆ ಇರುವ ವಸ್ತುಗಳ ಸಂಖ್ಯೆ ಎಂದರೆ, ದಿನಕ್ಕೆ ಎಷ್ಟು ಬರುತ್ತವೆ ಎಂಬುದನ್ನು ಒಂದೊಂದೂ ಎಷ್ಟು ದಿನ ಒಳಗಿರುತ್ತದೆ ಎಂಬುದರಿಂದ ಗುಣಿಸಿದಷ್ಟು. ಇಷ್ಟೇ. ಇಷ್ಟು ಸರಳವಾದದ್ದಕ್ಕೆ ಗಣಿತದ ಪುರಾವೆ ಏಕೆ ಬೇಕು ಎನಿಸಬಹುದು. ಸರಕು ಯಾವ ಕ್ರಮದಲ್ಲಿ ಬರಲಿ, ಯಾವ ಕ್ರಮದಲ್ಲಿ ಹೊರಡಲಿ, ದೀರ್ಘಾವಧಿಯ ಸರಾಸರಿಗೆ ಇದು ನಿಲ್ಲುತ್ತದೆ ಎಂಬುದರಲ್ಲಿ ಇದರ ಬಲವಿದೆ.

ಕುಂಬಾರನ ಅಂಗಳಕ್ಕೆ ಇದನ್ನು ತರೋಣ. ಅಂಕಿಗಳು ನಾನು ಲೆಕ್ಕಕ್ಕೆಂದು ಇಟ್ಟುಕೊಂಡವು. ದಿನಕ್ಕೆ 40 ಮಡಕೆ ಏಳುತ್ತವೆ. ಮಣ್ಣು ತಿಗರಿಗೇರಿದ ದಿನದಿಂದ ಹಣ ಕೈಗೆ ಬರುವವರೆಗೆ 30 ದಿನ ಎನ್ನೋಣ. ಹಾಗಾದರೆ ಯಾವಾಗ ಎಣಿಸಿದರೂ ಸುಮಾರು 1,200 ಮಡಕೆಗಳಷ್ಟು ದುಡಿಮೆ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಆ 30 ದಿನ 20ಕ್ಕೆ ಇಳಿದರೆ 800. ನಡುವಿನ 400 ಮಡಕೆಗಳ ಮಣ್ಣು, ಸೌದೆ, ಕೂಲಿಗೆ ಅವನು ಸಾಲ ಮಾಡಬೇಕಾಗಿಲ್ಲ. ಕೈ ಒಂದಿಷ್ಟೂ ವೇಗವಾಗಿಲ್ಲ, ಒಂದು ಮಡಕೆಯೂ ಹೆಚ್ಚು ಆಗಿಲ್ಲ.

ಹತ್ತು ದಿನ ಉಳಿಸುವುದು ಎಲ್ಲಿಂದ? ಆವಿಗೆಯನ್ನು ನೋಡಿ. ಅದು 600 ಮಡಕೆ ಹಿಡಿಯುವಂಥದ್ದಾದರೆ ತುಂಬಲು 15 ದಿನ ಬೇಕು. ಮೊದಲು ಬಂದ ಮಡಕೆ ಹೆಚ್ಚುಕಡಿಮೆ 15 ದಿನ ಕಾಯುತ್ತದೆ, ಕೊನೆಗೆ ಬಂದದ್ದು ಕಾಯುವುದೇ ಇಲ್ಲ. ಸರಾಸರಿ ಏಳೂವರೆ ದಿನ. ಅರ್ಧ ಗಾತ್ರದ ಆವಿಗೆ ಕಟ್ಟಿದರೆ ಕಾಯುವಿಕೆಯೂ ಅರ್ಧ. ಆದರೆ ಇಲ್ಲಿ ಭೌತಶಾಸ್ತ್ರ ಅಡ್ಡ ಬರುತ್ತದೆ. ಆವಿಗೆ ಚಿಕ್ಕದಾದಷ್ಟೂ ಒಳಗಿನ ಜಾಗಕ್ಕೆ ಹೋಲಿಸಿದರೆ ಗೋಡೆ ಹೆಚ್ಚು, ಗೋಡೆಯಿಂದ ಸೋರುವ ಶಾಖವೂ ಹೆಚ್ಚು, ಮಡಕೆಯೊಂದಕ್ಕೆ ಬೇಕಾಗುವ ಸೌದೆಯೂ ಹೆಚ್ಚು. ಐದು ಮನೆಗಳು ಒಂದೇ ದೊಡ್ಡ ಆವಿಗೆಯನ್ನು ಹಂಚಿಕೊಂಡರೆ ಅದು ಮೂರೇ ದಿನಕ್ಕೆ ತುಂಬುತ್ತದೆ, ಸೌದೆಯೂ ಉಳಿಯುತ್ತದೆ. ಸಾರ್ವಜನಿಕ ಹಣ ಹಾಕಲು ಇದು ಒಳ್ಳೆಯ ಜಾಗ. ಒಂದು ಎಚ್ಚರಿಕೆ ಬೇಕು: ಹಂಚಿಕೊಂಡ ಆವಿಗೆಗೆ ಸರದಿ ಯಾರದು, ಒಡೆದ ಮಡಕೆಯ ನಷ್ಟ ಯಾರದು ಎಂಬುದು ಮೊದಲೇ ಬರೆದಿಟ್ಟಿರಬೇಕು. ಇಲ್ಲದಿದ್ದರೆ ಕಟ್ಟಡ ಉದ್ಘಾಟನೆಯಾಗುತ್ತದೆ, ಆವಿಗೆ ತಣ್ಣಗಿರುತ್ತದೆ.

ಯಂತ್ರ ಕೊಡುವ ಯೋಜನೆಗಳು ಎಡವುವುದೂ ಇದೇ ಲೆಕ್ಕ ಮಾಡದೆ. ಒಂದು ಸಾಲಿನಲ್ಲಿ ಐದು ಹಂತಗಳಿದ್ದರೆ, ಇಡೀ ಸಾಲಿನ ವೇಗ ಅತ್ಯಂತ ಇಕ್ಕಟ್ಟಾದ ಹಂತದ ವೇಗವೇ. ಬಣ್ಣದವನಿಂದ ನೂಲು ವಾರಕ್ಕೊಮ್ಮೆ ಬರುತ್ತಿರುವಾಗ ನೇಕಾರನಿಗೆ ಎರಡು ಪಟ್ಟು ವೇಗದ ಮಗ್ಗ ಕೊಟ್ಟರೆ ಅವನು ವಾರದ ಅರ್ಧ ಭಾಗ ಖಾಲಿ ಕೂರುತ್ತಾನೆ. ಮೇಲಾಗಿ ಹೊಸ ಮಗ್ಗದ ಸಾಲ ಅವನ ತಲೆಯ ಮೇಲೆ. ಯಾವ ಹಂತದ ಮುಂದೆ ಸರಕಿನ ರಾಶಿ ಬಿದ್ದಿದೆ ಎಂದು ನೋಡುವುದಕ್ಕೆ ತಜ್ಞರ ವರದಿ ಬೇಕಿಲ್ಲ. ಒಂದು ಬೆಳಗ್ಗೆ ಕಾರ್ಯಾಗಾರದಲ್ಲಿ ಸುತ್ತಾಡಿದರೆ ಸಾಕು.

ಕಸುಬಿಗೆ ವೇಗಕ್ಕಿಂತ ಹೆಚ್ಚು ಬೇಕಾದದ್ದು ಬದಲಾಯಿಸುವ ಸುಲಭ. ಹತ್ತು ಗಿರಾಕಿಗಳಿಗೆ ಹತ್ತು ಬಗೆ ಮಾಡಿಕೊಡಬಲ್ಲೆ ಎಂಬುದೇ ಕಾರ್ಖಾನೆಯ ಎದುರು ಅದರ ಬಲ. ಜಪಾನಿನ ಶಿಗಿಯೊ ಶಿಂಗೊ ಇದನ್ನು ದೊಡ್ಡ ಕಾರ್ಖಾನೆಯಲ್ಲಿಯೇ ಕಂಡುಕೊಂಡದ್ದು ಒಂದು ತಮಾಷೆ. 1969ರಲ್ಲಿ ಟೊಯೋಟಾದ 1,000 ಟನ್ ಪ್ರೆಸ್‌ನ ಅಚ್ಚು ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಅದನ್ನು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ತಂದರು. ಸೂತ್ರ ಇಷ್ಟೇ: ಯಂತ್ರ ನಿಂತಿರುವಾಗಲೇ ಮಾಡಬೇಕಾದ ಕೆಲಸ ಯಾವುದು, ಅದು ಓಡುತ್ತಿರುವಾಗಲೇ ಮುಗಿಸಿಟ್ಟುಕೊಳ್ಳಬಹುದಾದದ್ದು ಯಾವುದು ಎಂದು ಬೇರ್ಪಡಿಸಿ, ಮೊದಲನೆಯದನ್ನು ಸಾಧ್ಯವಾದಷ್ಟು ಎರಡನೆಯದಕ್ಕೆ ದಾಟಿಸುವುದು. ಮಗ್ಗದ ಮುಂದೆ ಕುಳಿತವರಿಗೆ ಇದು ಹೊಸ ಮಾತೇನಲ್ಲ. ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಯ್ದ ಎಳೆಗಳು, ಮುಗಿಯುತ್ತಾ ಬಂದಾಗ ನೇಕಾರ ಅದನ್ನು ಪೂರ್ತಿ ನೇಯ್ದು ಮುಗಿಸುವುದಿಲ್ಲ. ಹಣಿಗೆಯಲ್ಲಿ ಹಾದಿರುವ ಹಳೆಯ ಎಳೆಗಳ ಬಾಲವನ್ನು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ಸಿದ್ಧವಾಗಿರುವ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ಅದಕ್ಕೆ ಕೂಡಿಸುತ್ತಾನೆ. ಸಾವಿರಾರು ಎಳೆಗಳನ್ನು ಹಣಿಗೆಯ ಸಂದಿಯಲ್ಲಿ ಮತ್ತೆ ಪೋಣಿಸುವ ಕೆಲಸ ತಪ್ಪಿತು. ಶಿಂಗೊ ಇದನ್ನು ನೋಡಿದ್ದರೆ ಕೈ ಕುಲುಕುತ್ತಿದ್ದ. ಯೋಜನೆಗಳು ಹಣ ಹೂಡಬೇಕಾದದ್ದು ಇಂಥ ಕಡೆ: ಹಾಸು ಸಿದ್ಧಪಡಿಸುವ ಚೌಕಟ್ಟು ಒಂದು ಹೆಚ್ಚು, ಎಳೆ ಕೂಡಿಸುವ ಕೈಗಳು ಎರಡು ಹೆಚ್ಚು. ಇವು ಉದ್ಘಾಟನೆಯ ಚಿತ್ರದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂಬುದೊಂದೇ ತೊಂದರೆ.

ಇನ್ನು ಏರಿಳಿತದ ವಿಷಯ. ಒಬ್ಬನೇ ಕೆಲಸಗಾರ, ಕೆಲಸ ಮನಬಂದಂತೆ ಬರುತ್ತದೆ, ಒಂದೊಂದಕ್ಕೂ ಹಿಡಿಯುವ ಹೊತ್ತೂ ಹಾಗೆಯೇ ಎಂದುಕೊಳ್ಳಿ. ಅವನ ಸಮಯದ ಶೇ. 80 ತುಂಬಿದ್ದರೆ, ಒಂದು ಕೆಲಸ ಸರಾಸರಿ ತನಗೆ ಬೇಕಾದ ಹೊತ್ತಿನ 4 ಪಟ್ಟು ಕಾಯುತ್ತದೆ. ಶೇ. 90 ತುಂಬಿದ್ದರೆ 9 ಪಟ್ಟು, ಶೇ. 95 ಆದರೆ 19 ಪಟ್ಟು. ಎಲ್ಲರನ್ನೂ ಸದಾ ಕೆಲಸದಲ್ಲಿ ತೊಡಗಿಸಿಡುವುದೇ ದಕ್ಷತೆ ಎಂದು ನಂಬಿದವರು ಈ ಮೂರು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. 1961ರಲ್ಲಿಯೇ ಜಾನ್ ಕಿಂಗ್‌ಮನ್ ಕೊಟ್ಟ ಸೂತ್ರ ಇದಕ್ಕೆ ಇನ್ನೊಂದು ಮಾತು ಸೇರಿಸುತ್ತದೆ: ಬರುವ ಕೆಲಸದ ಏರಿಳಿತ ತಗ್ಗಿದರೆ, ಒಬ್ಬ ಆಳನ್ನೂ ಹೆಚ್ಚಿಸದೆ ಕಾಯುವಿಕೆ ತಗ್ಗುತ್ತದೆ.

ಏರಿಳಿತ ಹುಟ್ಟಿಸುವವರಲ್ಲಿ ಸರಕಾರವೂ ಒಂದು. ಆರ್ಥಿಕ ವರ್ಷ ಮುಗಿಯುವ ಮುನ್ನ ಅನುದಾನ ಖರ್ಚಾಗಬೇಕೆಂದು ಒಟ್ಟಿಗೆ ಖರೀದಿ ಆದೇಶ ಹೊರಡಿಸುತ್ತದೆ. ಆಮೇಲೆ ತಿಂಗಳುಗಟ್ಟಲೆ ಮೌನ. ಕಾರ್ಯಾಗಾರಕ್ಕೆ ಒಮ್ಮೆ ರಾತ್ರಿಯೆಲ್ಲ ದೀಪ, ಇನ್ನೊಮ್ಮೆ ಬಾಗಿಲಿಗೆ ಚಿಲಕ. ಅದೇ ಮೊತ್ತವನ್ನು ಹನ್ನೆರಡು ತಿಂಗಳಿಗೆ ಹರಡಿದರೆ ಬೊಕ್ಕಸಕ್ಕೆ ಹೆಚ್ಚಿನ ವೆಚ್ಚವಿಲ್ಲ. ಒಂದು ರೂಪಾಯಿ ಸಹಾಯಧನ ಕೊಡದೆ ಮಾಡಬಹುದಾದ ಸಹಾಯ ಇದು.

ಹೀಗೆ ನೋಡಿದರೆ ಸರಕಾರಿ ಕಚೇರಿ ಕಸುಬಿನ ಹೊರಗೆ ನಿಂತು ನೆರವು ನೀಡುವ ಧಣಿಯೇನಲ್ಲ. ಅದೂ ಸಾಲಿನಲ್ಲಿ ಒಂದು ಹಂತ. ನೋಂದಣಿ, ಪರವಾನಗಿ, ಸಾಲದ ಮಂಜೂರಾತಿ, ತಪಾಸಣೆ, ಬಿಲ್ ಪಾವತಿ ಎಲ್ಲವೂ ಕೆಲಸದ ಹಂತಗಳೇ, ಅವುಗಳ ಮುಂದೆಯೂ ರಾಶಿ ಬೀಳುತ್ತದೆ. ವಾರಕ್ಕೆ 50 ಅರ್ಜಿ ವಿಲೇವಾರಿಯಾಗುವ ಕಚೇರಿಯಲ್ಲಿ 600 ಅರ್ಜಿಗಳು ಬಾಕಿ ಇದ್ದರೆ, ಇಂದು ಹಾಕಿದ ಅರ್ಜಿಗೆ ಹೆಚ್ಚುಕಡಿಮೆ 12 ವಾರ. ಇದನ್ನು ತಿಳಿಯಲು ಯಾರ ಅನುಮತಿಯೂ ಬೇಡ, ಲಿಟಲ್‌ನ ಗುಣಾಕಾರ ಸಾಕು. ತಿಂಗಳಿಗೊಮ್ಮೆ ಸೇರುವ ಸಮಿತಿಯೂ ಒಂದು ಆವಿಗೆಯೇ: ನಿರ್ಧಾರಕ್ಕೆ ಐದು ನಿಮಿಷ ಸಾಕಾದರೂ ಕಡತ ಸರಾಸರಿ ಅರ್ಧ ತಿಂಗಳು ಕಾದಿರುತ್ತದೆ. ಅಂಥ ಮೂರು ಸಮಿತಿಗಳನ್ನು ದಾಟಬೇಕಾದರೆ ಒಂದೂವರೆ ತಿಂಗಳು ಬರಿಯ ಕಾಯುವಿಕೆಗೇ ಹೋಯಿತು. ಅಧಿಕಾರಿ ಸೋಮಾರಿ ಎಂದು ಬೈಯಬೇಕಾಗಿಲ್ಲ. ಅವನು ಬೆವರು ಹರಿಸಿ ದುಡಿದರೂ ಸಭೆಯ ದಿನಾಂಕ ಬೇಗ ಓಡಿ ಬರುವುದಿಲ್ಲ.

ಪಾವತಿಯಂತೂ ಎಲ್ಲಕ್ಕಿಂತ ದುಬಾರಿ ಹಂತ. ಸರಕು ಒಪ್ಪಿಸಿ ಮೂರು ತಿಂಗಳಿಗೆ ಹಣ ಬರುತ್ತದೆಂದರೆ, ಮೂರು ತಿಂಗಳ ಉತ್ಪಾದನೆ ಸದಾ ಕೊಳ್ಳುವವರ ಕಪಾಟಿನಲ್ಲಿ, ಮಾಡಿದವನ ಸಾಲದ ಮೇಲೆ. ಕಾನೂನುಗಳು ಇಲ್ಲವೆಂದಲ್ಲ. ಭಾರತದ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ 45 ದಿನಗಳ ಮಿತಿ ಹಾಕಿದೆ. ಐರೋಪ್ಯ ಒಕ್ಕೂಟದ 2011ರ ನಿರ್ದೇಶನ ಸಾರ್ವಜನಿಕ ಸಂಸ್ಥೆಗಳಿಗೆ ಸಾಮಾನ್ಯವಾಗಿ 30 ದಿನ ಎನ್ನುತ್ತದೆ. ಆದರೆ ಮುಂದಿನ ಆದೇಶ ಕೊಡಬೇಕಾದವನ ಮೇಲೆ ದೂರು ಕೊಡುವ ಕುಶಲಕರ್ಮಿ ಎಷ್ಟು ಮಂದಿ ಸಿಕ್ಕಾರು?

ಲೆಕ್ಕ ಸರಿಯಿದ್ದರೂ ಕೆಲಸ ಕೆಡುವ ಬಗೆಯನ್ನು ಪಾಕಿಸ್ತಾನದ ಸಿಯಾಲ್‌ಕೋಟ್ ತೋರಿಸಿಕೊಟ್ಟಿತು. ಅದು ಕೈಹೊಲಿಗೆಯ ಕಾಲ್ಚೆಂಡುಗಳಿಗೆ ಹೆಸರಾದ ಊರು. ಚೆಂಡಿಗೆ 20 ಷಡ್ಭುಜ, 12 ಪಂಚಭುಜ. ರೆಕ್ಸಿನ್ ಹಾಳೆಯ ಮೇಲೆ ಅಚ್ಚಿಟ್ಟು ಒತ್ತಿ ಇವನ್ನು ಕತ್ತರಿಸುತ್ತಾರೆ. ಷಡ್ಭುಜಗಳು ಜೇನುಗೂಡಿನಂತೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಪಂಚಭುಜಗಳು ಹಾಗೆ ಕೂಡುವುದಿಲ್ಲ, ನಡುವೆ ಚೂರು ಉಳಿದು ಕಸಕ್ಕೆ ಹೋಗುತ್ತದೆ. 2012ರಲ್ಲಿ ಅರ್ಥಶಾಸ್ತ್ರಜ್ಞರ ತಂಡವೊಂದು ಪಂಚಭುಜಗಳ ಅಂಚನ್ನು ಪೂರ್ತಿ ಜೋಡಿಸದೆ ಕೊಂಚ ಸರಿಸಿ ಕೂರಿಸುವ ಹೊಸ ಅಚ್ಚನ್ನು ಮಾಡಿಸಿ ಕೆಲವು ಘಟಕಗಳಿಗೆ ಉಚಿತವಾಗಿ ಕೊಟ್ಟಿತು. ಹಳೆಯ ಕ್ರಮದಲ್ಲಿ ಒಂದು ಹಾಳೆಗೆ 250 ಪಂಚಭುಜ, ಹೊಸದರಲ್ಲಿ 272. ಹಾಳೆಯೇ ದೊಡ್ಡ ಖರ್ಚಾಗಿರುವ ಉದ್ಯಮದಲ್ಲಿ ಇದು ಬಿಟ್ಟಿ ಲಾಭ. ಆದರೂ 15 ತಿಂಗಳಾದ ಮೇಲೆ ಬೆರಳೆಣಿಕೆಯ ಘಟಕಗಳಷ್ಟೇ ಅದನ್ನು ಬಳಸುತ್ತಿದ್ದವು.

ಕಾರಣ ಕತ್ತರಿಸುವವನ ಕೂಲಿಯಲ್ಲಿತ್ತು. ಅವನಿಗೆ ನಗಕ್ಕಿಷ್ಟು ಎಂದು ದುಡ್ಡು. ಹೊಸ ಅಚ್ಚಿಗೆ ಕೈ ಒಗ್ಗುವವರೆಗೆ ಕೆಲಸ ನಿಧಾನ, ನಿಧಾನವಾದಷ್ಟೂ ಅವನ ಸಂಜೆಯ ಕೂಲಿ ಕಡಿಮೆ. ಉಳಿದ ರೆಕ್ಸಿನ್ ಮಾತ್ರ ಧಣಿಯದು. ಅವನು ಧಣಿಗೆ ‘ಇದು ಕೆಲಸಕ್ಕೆ ಬರುವುದಿಲ್ಲ’ ಎಂದು ಹೇಳಿದರೆ ಯಾರನ್ನು ದೂರುವುದು? ಸಂಶೋಧಕರು ಮತ್ತೊಂದು ಪ್ರಯೋಗ ಮಾಡಿದರು. ಹೊಸ ಅಚ್ಚಿನಲ್ಲಿ ಕತ್ತರಿಸಿ ಧಣಿಗೆ ತೋರಿಸಿದ ಕೆಲಸಗಾರನಿಗೆ ಹೆಚ್ಚುಕಡಿಮೆ ಒಂದು ತಿಂಗಳ ಕೂಲಿಯನ್ನು ಒಮ್ಮೆ ಕೊಟ್ಟರು. ಅಚ್ಚು ಬಳಸುವ ಘಟಕಗಳು ಎದ್ದು ಕಾಣುವಷ್ಟು ಹೆಚ್ಚಿದವು. ವಾಟರ್‌ಟೌನ್‌ನ ಅಚ್ಚುಗಾರರ ತಕರಾರಿಗೂ ಇದಕ್ಕೂ ನೂರು ವರ್ಷಗಳ ಅಂತರ, ಆದರೆ ಪ್ರಶ್ನೆ ಅದೇ: ಉಳಿದದ್ದು ಯಾರ ಜೇಬಿಗೆ?

ಏನನ್ನು ಅಳೆಯಬೇಕು ಎಂಬುದಕ್ಕೆ ಈಜಿಪ್ಟಿನ ಫುವ್ವಾದಿಂದ ಬಂದ ಫಲಿತಾಂಶ ನನಗೆ ಇನ್ನೂ ಹೆಚ್ಚು ಇಷ್ಟ. ಅಲ್ಲಿ ಒಬ್ಬಿಬ್ಬರಿಂದ ನಾಲ್ವರವರೆಗೆ ಕೂತು ಕೈಮಗ್ಗದಲ್ಲಿ ಜಮಖಾನೆ ನೇಯುವ ಸಣ್ಣ ಘಟಕಗಳಿವೆ. ಅರ್ಥಶಾಸ್ತ್ರಜ್ಞ ಡೇವಿಡ್ ಆಟ್ಕಿನ್ ಮತ್ತು ಜೊತೆಗಾರರು ಚೀಟಿ ಎತ್ತಿದಂತೆ ಆರಿಸಿದ ಕೆಲವರಿಗೆ ಮಾತ್ರ ರಫ್ತಿನ ಆದೇಶ ಸಿಗುವ ಹಾಗೆ ಮಾಡಿ, ಉಳಿದವರೊಂದಿಗೆ ಹೋಲಿಸಿದರು. ವರದಿ 2017ರಲ್ಲಿ ಪ್ರಕಟವಾಯಿತು. ಆದೇಶ ಸಿಕ್ಕವರ ಲಾಭ ಶೇ. 16ರಿಂದ 26ರಷ್ಟು ಏರಿತು. ಆದರೆ ಗಂಟೆಗೆ ಎಷ್ಟು ಚದರ ಮೀಟರ್ ನೇಯುತ್ತಾರೆ ಎಂದು ನೋಡಿದರೆ ಅದು ಇಳಿದಿತ್ತು! ಹಳೆಯ ಸ್ಟಾಪ್‌ವಾಚ್‌ನ ಲೆಕ್ಕದಲ್ಲಿ ಇವರು ಹಿಂದೆ ಬಿದ್ದವರು. ನಡೆದದ್ದು ಏನೆಂದರೆ, ಹೊರಗಿನ ಗಿರಾಕಿ ಅಂಚು ನೇರವಾಗಿದೆಯೇ, ನೇಯ್ಗೆ ಒತ್ತಾಗಿದೆಯೇ ಎಂದು ನೋಡುತ್ತಿದ್ದ. ಇವರು ನಿಧಾನವಾಗಿ, ಒಳ್ಳೆಯದಾಗಿ ನೇಯತೊಡಗಿದರು. ಬಳಿಕ ಎರಡೂ ಗುಂಪಿನವರನ್ನು ಕರೆಸಿ, ಒಂದೇ ಬಗೆಯ ಮಗ್ಗ, ಒಂದೇ ನೂಲು ಕೊಟ್ಟು, ಒಂದೇ ಮಾದರಿ ನೇಯಿಸಿದರು. ರಫ್ತು ಮಾಡಿದವರದು ಹೆಚ್ಚು ಅಚ್ಚುಕಟ್ಟಾಗಿತ್ತು, ಹಿಡಿದ ಹೊತ್ತು ಮಾತ್ರ ಹೆಚ್ಚಿರಲಿಲ್ಲ. ಗಿರಾಕಿಯ ಬೇಡಿಕೆಯೇ ಅವರಿಗೆ ಪಾಠ ಹೇಳಿತ್ತು.

ದೊಡ್ಡ ಗಿರಣಿಗಳ ಪಾಠವನ್ನು ಇಲ್ಲಿಗೆ ಎಳೆದು ತರುವಾಗ ಹುಷಾರಾಗಿರಬೇಕು. ಮುಂಬೈ ಸಮೀಪದ ಬಟ್ಟೆ ಗಿರಣಿಗಳಲ್ಲಿ ನಿರ್ವಹಣಾ ಸಲಹೆ ಕೊಡಿಸಿದಾಗ ಮೊದಲ ವರ್ಷವೇ ಉತ್ಪಾದಕತೆ ಶೇ. 17ರಷ್ಟು ಏರಿತೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಎಂಟೊಂಬತ್ತು ವರ್ಷಗಳ ನಂತರ ಹೋಗಿ ನೋಡಿದರೆ ಅಳವಡಿಸಿದ ಕ್ರಮಗಳಲ್ಲಿ ಸುಮಾರು ಅರ್ಧ ಕೈಬಿಟ್ಟು ಹೋಗಿದ್ದವು. ನೂರಾರು ಮಂದಿಯ ಗಿರಣಿಯಲ್ಲಿಯೇ ಹೀಗಾದರೆ, ಲೆಕ್ಕ ಬರೆಯುವುದೂ ನೇಯುವುದೂ ಮಾರುವುದೂ ಒಬ್ಬರದೇ ಆಗಿರುವ ಮನೆಯಲ್ಲಿ ದಿನಕ್ಕೆ ಹತ್ತು ನಮೂನೆ ತುಂಬಿಸುವ ಆಸೆ ಬಿಡುವುದು ಒಳ್ಳೆಯದು.

ಗುಣಮಟ್ಟದ ಮುದ್ರೆ ಒತ್ತುವವರಿಗೂ ಒಂದು ಮಾತು. 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್, ತಯಾರಾದ ಸರಕಿನ ಅಳತೆ ಮಿತಿಯೊಳಗಿದೆಯೇ ಎಂದು ಗುರುತಿಸುತ್ತಾ ಹೋಗುವ ನಿಯಂತ್ರಣ ನಕ್ಷೆಯನ್ನು ರೂಪಿಸಿದಾಗ, ಕ್ರಮದೊಳಗೇ ಇರುವ ಸಹಜ ವ್ಯತ್ಯಾಸ ಬೇರೆ, ಹೊರಗಿನಿಂದ ಬಂದು ಕೆಡಿಸಿದ ವ್ಯತ್ಯಾಸ ಬೇರೆ ಎಂದು ಗೆರೆ ಎಳೆದ. ಕಸುಬಿನಲ್ಲಿ ಮೂರನೆಯದೊಂದಿದೆ: ಗಿರಾಕಿ ಹಣ ಕೊಡುವುದೇ ಅದಕ್ಕಾಗಿ ಎನ್ನುವಂಥ ವ್ಯತ್ಯಾಸ. ಭರಣಿಯ ಮುಚ್ಚಳ ಸರಿಯಾಗಿ ಕೂರಲೇಬೇಕು, ಅಲ್ಲಿ ಕೂದಲೆಳೆಯ ಕ್ಷಮೆಯೂ ಇಲ್ಲ. ಮೇಲಿನ ಬಣ್ಣ ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಹರಿದರೆ ಹರಿಯಲಿ. ಎರಡನ್ನೂ ಒಂದೇ ಅಳತೆಪಟ್ಟಿಯಿಂದ ಅಳೆಯುವ ಮಾನದಂಡ ಮುಚ್ಚಳವನ್ನೂ ಸರಿಪಡಿಸುವುದಿಲ್ಲ, ಬಣ್ಣವನ್ನೂ ಕೊಲ್ಲುತ್ತದೆ.

ಹಾಗಾದರೆ ಶುರು ಎಲ್ಲಿಂದ? ಹೊಸ ಇಲಾಖೆ, ಹೊಸ ಆ್ಯಪ್ ಎಂದು ಹೊರಡುವ ಮೊದಲು, ಬೆರಳೆಣಿಕೆಯ ಕಾರ್ಯಾಗಾರಗಳಲ್ಲಿ ಆರು ತಿಂಗಳು ಒಂದೊಂದು ಆದೇಶಕ್ಕೂ ಒಂದು ರಟ್ಟಿನ ಚೀಟಿ ಕಟ್ಟಿ ನೋಡಬಹುದು. ಅದರಲ್ಲಿ ದಿನಾಂಕಗಳು ಮಾತ್ರ: ಆದೇಶ ಬಂದದ್ದು, ಕಚ್ಚಾ ಸರಕು ಸಿಕ್ಕಿದ್ದು, ಕೈ ಹಾಕಿದ್ದು, ಮುಂದಿನ ಹಂತಕ್ಕೆ ದಾಟಿದ್ದು, ಒಪ್ಪಿಸಿದ್ದು. ಚಲನೆ ಎಣಿಸುವುದು ಬೇಡ, ಸೆಕೆಂಡೂ ಬೇಡ, ಯಾರ ಹೆಸರೂ ಬೇಡ. ಕೊನೆಯ ಸಾಲನ್ನು ಮಾತ್ರ ಕಸುಬುದಾರ ತುಂಬುವುದಿಲ್ಲ. ಹಣ ಸಂದಾಯವಾದ ದಿನವನ್ನು, ಹಣ ಕೊಡಬೇಕಾದ ಕಚೇರಿಯೇ ಬರೆದು ಸಹಿ ಹಾಕಬೇಕು.